ಕ್ಯಾಮೆರಾ ಯಾರ ಕೈಯಲ್ಲಿದೆ? ಇಸ್ರೇಲ್–ಪ್ಯಾಲೆಸ್ಟೀನ್ ನಾಯಕರು ಮತ್ತು ಸುದ್ದಿ

2025ರ ಸೆಪ್ಟೆಂಬರ್ 26. ಗಾಜಾ ಗಡಿಯ ಈಚೆ, ಇಸ್ರೇಲ್ ಕಡೆಯಲ್ಲಿ, ಲಾರಿಗಳ ಮೇಲೆ ದೊಡ್ಡ ದೊಡ್ಡ ಧ್ವನಿವರ್ಧಕ ಕಟ್ಟಿ ನಿಲ್ಲಿಸಿದ್ದರು. ಚುನಾವಣೆ ಬಂದಾಗ ನಮ್ಮಲ್ಲಿ ಆಟೊಗೆ ಮೈಕ್ ಕಟ್ಟುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಸಭಾಂಗಣದಲ್ಲಿ ಪ್ರಧಾನಿ ಬೆಂಜಮಿನ್ ನೆತನ್ಯಾಹು ಮಾಡುತ್ತಿದ್ದ ಭಾಷಣ ಗಾಜಾದೊಳಗೆ ಕೇಳಬೇಕಿತ್ತು. ಗಾಜಾ ಆಳುತ್ತಿದ್ದ ಸಶಸ್ತ್ರ ಸಂಘಟನೆ ಹಮಾಸ್ ಹಿಡಿದಿಟ್ಟಿದ್ದ ಒತ್ತೆಯಾಳುಗಳಿಗೆ ಹೀಬ್ರೂನಲ್ಲೂ ನಾಲ್ಕು ಮಾತು ಹೇಳಿದರು. ಅವರ ಕೋಟಿನ ಮೇಲೆ ಒಂದು ಕ್ಯೂಆರ್ ಕೋಡ್ ಇತ್ತು. ಸ್ಕ್ಯಾನ್ ಮಾಡಿದರೆ 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲ್ ಮೇಲೆ ನಡೆಸಿದ ದಾಳಿಯ ದೃಶ್ಯಗಳಿರುವ ಪುಟ ತೆರೆಯುತ್ತಿತ್ತು. ಸಭಾಂಗಣದಲ್ಲಿ ಮಾತ್ರ ಕೇಳುವವರು ಕಡಿಮೆ. ಅವರು ವೇದಿಕೆಗೆ ಬರುತ್ತಿದ್ದಂತೆ ಹಲವು ದೇಶಗಳ ಪ್ರತಿನಿಧಿಗಳು ಎದ್ದು ಹೊರಗೆ ಹೋಗಿದ್ದರು.

ಅದರ ಹಿಂದಿನ ದಿನ ಅದೇ ಸಭೆಯಲ್ಲಿ ಪ್ಯಾಲೆಸ್ಟೀನ್ ಅಧ್ಯಕ್ಷ ಮಹಮೂದ್ ಅಬ್ಬಾಸ್ ಮಾತಾಡಿದ್ದರು. ಅಮೆರಿಕ ವೀಸಾ ಕೊಟ್ಟಿರಲಿಲ್ಲ. ಹಾಗಾಗಿ ಅವರು ಬಂದಿದ್ದು ಪರದೆಯ ಮೇಲೆ.

ಲಾರಿಯ ಮೇಲಿನ ಆ ಮೈಕು ನಿಜಕ್ಕೂ ಯಾರಿಗಾಗಿ? ಬಾಂಬಿನಡಿ ಬದುಕುತ್ತಿದ್ದ ಗಾಜಾದ ಜನ ಆ ಭಾಷಣಕ್ಕೆ ಕಾಯುತ್ತಿರಲಿಲ್ಲ. ಧ್ವನಿವರ್ಧಕ ಕಟ್ಟಿದ್ದೇ ಒಂದು ಸುದ್ದಿ. ಆ ಸುದ್ದಿ ಅಂದು ಸಂಜೆ ಇಸ್ರೇಲಿನ ಮನೆಮನೆಯ ಟೀವಿಯಲ್ಲಿ ಬರಬೇಕಿತ್ತು, ಬಂತು.

ನಾಯಕರು ಏನೋ ಮಾಡುತ್ತಾರೆ, ಮಾಧ್ಯಮ ಅದನ್ನು ವರದಿ ಮಾಡುತ್ತದೆ, ಎರಡೂ ಬೇರೆ ಬೇರೆ ಅಂತ ನಾವು ಅಂದುಕೊಂಡಿರುತ್ತೇವೆ. ಈ ಸಂಘರ್ಷದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಜಮೀನಿಗೆ ಜಗಳ ಇದ್ದಂತೆ ಸುದ್ದಿಗೂ ಜಗಳ ಇದೆ. ಕುರ್ಚಿ ಉಳಿಯುವುದು ಎಷ್ಟೋ ಸಲ ಆ ಎರಡನೇ ಜಗಳದಲ್ಲಿ.

ಅತಿಶಯೋಕ್ತಿ ಅನ್ನಿಸಿದರೆ ಜೆರುಸಲೇಮ್ ಮತ್ತು ಟೆಲ್ ಅವೀವ್‌ನ ಕೋರ್ಟುಗಳಲ್ಲಿ ನಡೆದಿರುವ ಮೊಕದ್ದಮೆ ನೋಡಿ. ನೆತನ್ಯಾಹು ಮೇಲೆ ಮೂರು ಭ್ರಷ್ಟಾಚಾರ ಪ್ರಕರಣಗಳಿವೆ. 2019ರಲ್ಲಿ ಆರೋಪ ಹೊರಿಸಲಾಯಿತು, 2020ರ ಮೇ ತಿಂಗಳಲ್ಲಿ ವಿಚಾರಣೆ ಶುರುವಾಯಿತು. ಒಂದು ಪ್ರಕರಣ ಶ್ರೀಮಂತ ಗೆಳೆಯರಿಂದ ಸಿಗಾರು, ಶಾಂಪೇನು ತೆಗೆದುಕೊಂಡದ್ದರ ಬಗ್ಗೆ. ಎಲ್ಲರೂ ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಉಳಿದ ಎರಡರಲ್ಲಿ ಹಣದ ಚೀಲ ಇಲ್ಲ, ಸೈಟು ಇಲ್ಲ, ಚಿನ್ನ ಇಲ್ಲ. ಅಲ್ಲಿ ಲಂಚವಾಗಿ ಕೇಳಿದ್ದು ಸುದ್ದಿ ಎಂಬುದೇ ಆರೋಪ. ಒಳ್ಳೆಯ ತಲೆಬರಹ, ಚೆನ್ನಾಗಿ ಬಂದ ಫೋಟೊ, ವಿರೋಧಿಯ ಬಗ್ಗೆ ಒಂದಿಷ್ಟು ಕೆಟ್ಟ ಮಾತು.

‘ಪ್ರಕರಣ 4000’ ಅನ್ನುವುದು ಬೆಜೆಕ್ ಎಂಬ ದೊಡ್ಡ ದೂರಸಂಪರ್ಕ ಕಂಪನಿಯದ್ದು. ಅದರ ಮಾಲೀಕ ಶೌಲ್ ಎಲೋವಿಚ್ ಕೈಯಲ್ಲೇ ವಾಲ್ಲಾ ಎಂಬ ಜನಪ್ರಿಯ ಸುದ್ದಿ ಜಾಲತಾಣವೂ ಇತ್ತು. ಆಗ ನೆತನ್ಯಾಹು ಪ್ರಧಾನಿಯಷ್ಟೇ ಅಲ್ಲ, ಸಂವಹನ ಖಾತೆಯನ್ನೂ ತಾವೇ ಇಟ್ಟುಕೊಂಡಿದ್ದರು. ಬೆಜೆಕ್‌ಗೆ ಲಾಭವಾಗುವ ತೀರ್ಮಾನಗಳು ಇತ್ತ, ವಾಲ್ಲಾದಲ್ಲಿ ಪ್ರಧಾನಿ ಕುಟುಂಬ ಹೇಳಿದಂತೆ ಸುದ್ದಿ ಅತ್ತ. ಹೀಗೆ ಕೊಡುಕೊಳ್ಳುವಿಕೆ ನಡೆದಿತ್ತು ಎನ್ನುತ್ತದೆ ಪ್ರಾಸಿಕ್ಯೂಷನ್. ಇಂಥ 300ಕ್ಕೂ ಹೆಚ್ಚು ‘ಇದನ್ನು ಹಾಕಿ, ಅದನ್ನು ತೆಗೆಯಿರಿ’ ಬೇಡಿಕೆಗಳ ಪಟ್ಟಿಯೇ ದೋಷಾರೋಪ ಪಟ್ಟಿಗೆ ಅಂಟಿಕೊಂಡಿದೆ. ನೆತನ್ಯಾಹು ಎಲ್ಲವನ್ನೂ ಅಲ್ಲಗಳೆಯುತ್ತಾರೆ. ತನಗೆ ಒಳ್ಳೆಯ ಸುದ್ದಿ ಬರಲಿ ಎಂದು ಬಯಸದ ರಾಜಕಾರಣಿ ಯಾರಿದ್ದಾರೆ, ಅದು ಲಂಚ ಹೇಗಾಗುತ್ತದೆ ಎಂಬುದು ಅವರ ವಾದ. ಸುಮ್ನೆ ತಳ್ಳಿಹಾಕುವ ವಾದವಲ್ಲ ಅದು. ಲಂಚದ ಆರೋಪ ಸಾಬೀತು ಮಾಡುವುದು ಕಷ್ಟ ಎಂದು 2023ರಲ್ಲಿ ನ್ಯಾಯಾಧೀಶರೇ ಪ್ರಾಸಿಕ್ಯೂಷನ್‌ಗೆ ಸೂಚಿಸಿದ್ದರು.

‘ಪ್ರಕರಣ 2000’ ಇನ್ನೂ ಸ್ವಾರಸ್ಯದ್ದು. ಇದರಲ್ಲಿ ಎದುರು ಕುಳಿತವರು ಯೆದಿಯೋತ್ ಅಹರೋನೋತ್ ಪತ್ರಿಕೆಯ ಮಾಲೀಕ ಅರ್ನೋನ್ ಮೋಜೆಸ್. ಆ ಪತ್ರಿಕೆ ನೆತನ್ಯಾಹು ಅವರನ್ನು ವರ್ಷಗಟ್ಟಲೆ ಬೈದಿತ್ತು. ಅದಕ್ಕೆ ಪ್ರತಿಸ್ಪರ್ಧಿಯಾಗಿ 2007ರಲ್ಲಿ ಅಮೆರಿಕದ ಕ್ಯಾಸಿನೊ ಕುಬೇರ ಶೆಲ್ಡನ್ ಅಡೆಲ್ಸನ್ ‘ಇಸ್ರೇಲ್ ಹಯೋಮ್’ ಎಂಬ ದಿನಪತ್ರಿಕೆ ಶುರುಮಾಡಿದ್ದರು. ಪುಕ್ಕಟೆ ಪತ್ರಿಕೆ. ರೈಲು ನಿಲ್ದಾಣದಲ್ಲಿ, ರಸ್ತೆ ಸಿಗ್ನಲ್‌ನಲ್ಲಿ ಕೈಗಿಡುತ್ತಿದ್ದರು. ಪ್ರಧಾನಿಯ ಪರ ಅದೆಷ್ಟು ನಿಂತಿತ್ತೆಂದರೆ ಜನ ಅದಕ್ಕೆ ‘ಬೀಬೀತೋನ್’ ಎಂದೇ ಹೆಸರಿಟ್ಟರು. ಬೀಬಿ ಎಂದರೆ ನೆತನ್ಯಾಹು, ಇತೋನ್ ಎಂದರೆ ಹೀಬ್ರೂನಲ್ಲಿ ಪತ್ರಿಕೆ. ಈ ಪುಕ್ಕಟೆ ಪತ್ರಿಕೆಗೆ ಕಡಿವಾಣ ಹಾಕುವ ಕಾನೂನು ತರುತ್ತೇನೆ, ಬದಲಿಗೆ ನೀವು ನನ್ನ ಬಗ್ಗೆ ಬರೆಯುವ ಧಾಟಿ ಬದಲಿಸಿ. ಇಂಥ ಚೌಕಾಸಿ ನಡೆದಿತ್ತು ಎಂಬುದು ಆರೋಪ, ಮಾತುಕತೆಯ ಧ್ವನಿಮುದ್ರಣವೂ ಇದೆ. ತನ್ನನ್ನು ಹೊಗಳುವ ಪತ್ರಿಕೆಯನ್ನೇ ಒತ್ತೆ ಇಟ್ಟು, ತೆಗಳುವ ಪತ್ರಿಕೆಯನ್ನು ಕೊಳ್ಳುವ ಲೆಕ್ಕಾಚಾರ!

2024ರ ಡಿಸೆಂಬರ್‌ನಲ್ಲಿ ನೆತನ್ಯಾಹು ಸಾಕ್ಷಿಕಟ್ಟೆ ಹತ್ತಿದರು. ಅಧಿಕಾರದಲ್ಲಿರುವಾಗಲೇ ಆರೋಪಿಯಾಗಿ ಸಾಕ್ಷಿ ಹೇಳಿದ ಮೊದಲ ಇಸ್ರೇಲಿ ಪ್ರಧಾನಿ ಅವರು. ಅತ್ತ ಯುದ್ಧ ನಡೆಯುತ್ತಿತ್ತು. ಭದ್ರತೆಯ ತುರ್ತು ಕೆಲಸ ಎಂದು ವಿಚಾರಣೆ ಎಷ್ಟೋ ದಿನ ಮುಂದಕ್ಕೆ ಹೋಯಿತು. 2025ರ ನವೆಂಬರ್ ಕೊನೆಯಲ್ಲಿ, ತೀರ್ಪು ಬರುವ ಮುನ್ನವೇ, ಅಧ್ಯಕ್ಷ ಐಸಾಕ್ ಹೆರ್ಜೋಗ್ ಅವರಿಗೆ ಕ್ಷಮಾದಾನದ ಅರ್ಜಿ ಹಾಕಿದರು. ಅದಕ್ಕೂ ಮೊದಲು ಡೊನಾಲ್ಡ್ ಟ್ರಂಪ್ ಇದೇ ಬೇಡಿಕೆಯ ಪತ್ರ ಬರೆದಿದ್ದರು. ಯುದ್ಧ ಉದ್ದವಾಗಿದ್ದೇ ಈ ಕೇಸುಗಳಿಂದ ಎನ್ನುವವರು ಇಸ್ರೇಲಿನಲ್ಲೇ ತುಂಬಾ ಜನ. ಅಷ್ಟು ಸರಳವಾಗಿ ಹೇಳಲು ನನಗೆ ಧೈರ್ಯವಿಲ್ಲ. ಬಲಪಂಥೀಯ ಮಿತ್ರಪಕ್ಷಗಳ ಬೆದರಿಕೆ, ಅಕ್ಟೋಬರ್ 7ರ ನೋವು, ಅಮೆರಿಕದ ಬೆಂಬಲ ಎಲ್ಲವೂ ಅದರಲ್ಲಿದೆ. ಆದರೆ ಕುರ್ಚಿ, ಕೋರ್ಟು, ತಲೆಬರಹ ಈ ಮೂರೂ ಒಂದೇ ಗಂಟಿನಲ್ಲಿವೆ ಎಂಬುದರಲ್ಲಿ ಅನುಮಾನವಿಲ್ಲ.

ಹೀಬ್ರೂನಲ್ಲಿ ‘ಹಸ್ಬರಾ’ ಎಂಬ ಪದವಿದೆ. ವಿವರಿಸಿ ಹೇಳುವುದು ಎಂದರ್ಥ. ತಮ್ಮ ದೇಶದ ಪರ ಜಗತ್ತಿಗೆ ಸಮಜಾಯಿಷಿ ಕೊಡುವ ಕೆಲಸಕ್ಕೆ ಆ ಹೆಸರು. ನೆತನ್ಯಾಹು ಬೆಳೆದಿದ್ದೇ ಅದರಲ್ಲಿ. 1984ರಿಂದ 1988ರವರೆಗೆ ವಿಶ್ವಸಂಸ್ಥೆಯಲ್ಲಿ ಇಸ್ರೇಲ್ ರಾಯಭಾರಿಯಾಗಿದ್ದಾಗ, ಅಚ್ಚ ಅಮೆರಿಕನ್ ಇಂಗ್ಲಿಷಿನಲ್ಲಿ ಅಮೆರಿಕದ ಟೀವಿಗಳಲ್ಲಿ ವಾದಿಸಿ ಹೆಸರು ಮಾಡಿದರು. ಈಗಲೂ ಅಮೆರಿಕದ ಚಾನೆಲ್‌ಗಳಿಗೆ ಧಾರಾಳವಾಗಿ ಸಂದರ್ಶನ ಕೊಡುತ್ತಾರೆ. ಹೀಬ್ರೂ ಚಾನೆಲ್‌ಗಳ ಕಠಿಣ ಪ್ರಶ್ನೆಗಳ ಮುಂದೆ ಕೂರುವುದು ಅಪರೂಪ. ತಮ್ಮವರೊಂದಿಗೆ ಮಾತಾಡಲು ‘ಚಾನೆಲ್ 14’ ಇದೆ, ಫೋನಿನಲ್ಲಿ ಮುದ್ರಿಸಿ ಹಾಕುವ ವಿಡಿಯೊ ಇದೆ.

2024ರ ಆಗಸ್ಟ್ ಕೊನೆಯಲ್ಲಿ ಏನಾಯಿತೆಂದರೆ, ರಫಾದ ಸುರಂಗದಲ್ಲಿ ಆರು ಒತ್ತೆಯಾಳುಗಳ ಹೆಣ ಸಿಕ್ಕಿತು. ಸ್ವಲ್ಪ ದಿನ ಮುಂಚೆ ಒಪ್ಪಂದವಾಗಿದ್ದರೆ ಬದುಕುತ್ತಿದ್ದರು ಎಂದು ಟೆಲ್ ಅವೀವ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಕೆಲವೇ ದಿನಕ್ಕೆ ಜರ್ಮನಿಯ ‘ಬಿಲ್ಡ್’ ಪತ್ರಿಕೆಯಲ್ಲಿ ಹಮಾಸ್‌ನ ಗುಟ್ಟಿನ ಕಾಗದ ಎಂದು ಒಂದು ವರದಿ ಬಂತು. ಒಪ್ಪಂದಕ್ಕೆ ಹಮಾಸೇ ಅಡ್ಡಿ, ಇಸ್ರೇಲಿಗರೊಳಗೆ ಬಿರುಕು ಮೂಡಿಸುವುದೇ ಅದರ ತಂತ್ರ ಎಂಬ ಧಾಟಿ. ನೆತನ್ಯಾಹು ಸಂಪುಟ ಸಭೆಯಲ್ಲಿ ಆ ವರದಿಯನ್ನೇ ತೋರಿಸಿ ಮಾತಾಡಿದರು. ಆಮೇಲೆ ತನಿಖೆಯಲ್ಲಿ ಹೊರಬಂದದ್ದು ಬೇರೆ ಕಥೆ. ಆ ಕಾಗದವನ್ನು ಇಸ್ರೇಲಿನಲ್ಲಿ ಪ್ರಕಟಿಸಲು ಸೇನಾ ಸೆನ್ಸಾರ್ ಬಿಟ್ಟಿರಲಿಲ್ಲ. ಹಾಗಾಗಿ ಅದನ್ನು ಜರ್ಮನಿಗೆ ದಾಟಿಸಿದ್ದಾಗಿ, ಪ್ರಧಾನಿ ಕಚೇರಿಯೊಂದಿಗೆ ಕೆಲಸ ಮಾಡುತ್ತಿದ್ದ ವಕ್ತಾರ ಎಲಿ ಫೆಲ್ಡ್‌ಸ್ಟೈನ್ ಮೇಲೆ ಆರೋಪಪಟ್ಟಿ ಬಂತು. ತನಗೇನೂ ಗೊತ್ತಿರಲಿಲ್ಲ ಎಂದರು ನೆತನ್ಯಾಹು. ಊರಿನ ಮಾತು ಊರಲ್ಲಿ ಹೇಳಲಾಗದೆ, ಪಕ್ಕದೂರಿನವರ ಬಾಯಲ್ಲಿ ಹೇಳಿಸಿ, ‘ನೋಡಿ, ಅವರೂ ಹೀಗೇ ಅಂತಾರೆ’ ಅನ್ನುವುದು ನಮಗೇನೂ ಹೊಸದಲ್ಲ, ಅಲ್ವಾ?

ಸಾಮಾನ್ಯ ಇಸ್ರೇಲಿಗರು ಟೀವಿಯಲ್ಲಿ ಏನು ನೋಡುತ್ತಾರೆ? ಅವರ ಪರದೆಯ ಮೇಲೆ 2023ರ ಅಕ್ಟೋಬರ್ 7 ಇನ್ನೂ ಮುಗಿದಿಲ್ಲ. ಆ ದಿನ ಸುಮಾರು 1,200 ಜನರನ್ನು ಕೊಂದು, 251 ಮಂದಿಯನ್ನು ಹೊತ್ತೊಯ್ದರು. ಬದುಕುಳಿದವರ ಮಾತು, ಒತ್ತೆಯಾಳುಗಳ ತಾಯಂದಿರು, ಯೋಧರ ಅಂತ್ಯಕ್ರಿಯೆ ದಿನವೂ ಬಂದವು. ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ 2025ರ ನವೆಂಬರ್ ಕೊನೆಗೆ 70,000 ದಾಟಿತು. ಆ ಮುಖಗಳು, ಆ ಮನೆಗಳು ಇಸ್ರೇಲಿನ ಮುಖ್ಯ ಚಾನೆಲ್‌ಗಳಲ್ಲಿ ಬಂದದ್ದು ತೀರಾ ಕಡಿಮೆ. ಇದಕ್ಕೆಲ್ಲ ಸರ್ಕಾರದ ಅಪ್ಪಣೆ ಬೇಕಾಗಿರಲಿಲ್ಲ. ನೋಡುಗರಿಗೆ ಬೇಡ ಎಂದು ಸಂಪಾದಕರೇ ತೀರ್ಮಾನಿಸಿದರು. ಹೊರಗಿನ ಜಗತ್ತು ತಮ್ಮ ಮೇಲೆ ಯಾಕಿಷ್ಟು ಸಿಟ್ಟಾಗಿದೆ ಎಂದು ಸರಾಸರಿ ಇಸ್ರೇಲಿಗರಿಗೆ ಅರ್ಥವಾಗದೇ ಇರುವುದಕ್ಕೆ ಇದೊಂದು ದೊಡ್ಡ ಕಾರಣ. ಬೇರೆ ದನಿಗಳು ಇಲ್ಲವೆಂದಲ್ಲ. ಬೆಜೆಕ್–ವಾಲ್ಲಾ ನಂಟನ್ನು 2015ರಲ್ಲೇ ಬಯಲಿಗೆಳೆದದ್ದು ‘ಹಾರೆಟ್ಜ್’ ಪತ್ರಿಕೆ. ಗಾಜಾದ ಬಗ್ಗೆ ಕಟುವಾಗಿ ಬರೆದದ್ದೂ ಅದೇ. 2024ರ ನವೆಂಬರ್‌ನಲ್ಲಿ ಸರ್ಕಾರ ಆ ಪತ್ರಿಕೆಗೆ ಜಾಹೀರಾತು, ಚಂದಾ ಎಲ್ಲವನ್ನೂ ನಿಲ್ಲಿಸಲು ತೀರ್ಮಾನಿಸಿತು.

ಪ್ಯಾಲೆಸ್ಟೀನ್ ಕಡೆಗೆ ಬಂದರೆ ಚಿತ್ರ ಬೇರೆ, ರೋಗ ಹತ್ತಿರದ್ದೇ. ಮಹಮೂದ್ ಅಬ್ಬಾಸ್ 2005ರ ಜನವರಿಯಲ್ಲಿ ನಾಲ್ಕು ವರ್ಷದ ಅವಧಿಗೆ ಗೆದ್ದರು. ಆ ನಾಲ್ಕು ವರ್ಷ ಇನ್ನೂ ಮುಗಿದಿಲ್ಲ. 2006ರ ಸಂಸತ್ ಚುನಾವಣೆಯಲ್ಲಿ 132 ಸ್ಥಾನಗಳಲ್ಲಿ ಹಮಾಸ್ 74 ಗೆದ್ದಿತು. ಮರುವರ್ಷ ಹಮಾಸ್ ಮತ್ತು ಅಬ್ಬಾಸರ ಫತಾ ಪಕ್ಷ ಹೊಡೆದಾಡಿ, ಗಾಜಾ ಹಮಾಸ್‌ಗೂ ವೆಸ್ಟ್ ಬ್ಯಾಂಕ್ ಅಬ್ಬಾಸರಿಗೂ ಉಳಿಯಿತು. 2021ರಲ್ಲಿ ಚುನಾವಣೆ ಘೋಷಿಸಿ, ಪೂರ್ವ ಜೆರುಸಲೇಮ್‌ನಲ್ಲಿ ಮತದಾನಕ್ಕೆ ಇಸ್ರೇಲ್ ಒಪ್ಪುತ್ತಿಲ್ಲವೆಂದು ಮುಂದೂಡಿದರು. ಸೋಲುವ ಭಯವೇ ಅಸಲಿ ಕಾರಣ ಎಂದು ಅವರ ಜನರೇ ಹೇಳುತ್ತಾರೆ. ವೆಸ್ಟ್ ಬ್ಯಾಂಕಿನ ರಾಮಲ್ಲಾ ನಗರದ ಸಮೀಕ್ಷಾ ಸಂಸ್ಥೆಯೊಂದು ವರ್ಷಗಳಿಂದ ಕೇಳುತ್ತಾ ಬಂದಿದೆ. ಹತ್ತರಲ್ಲಿ ಸುಮಾರು ಎಂಟು ಜನ ಅಬ್ಬಾಸ್ ರಾಜೀನಾಮೆ ಕೊಡಲಿ ಎನ್ನುತ್ತಾರೆ. ಅವರಿಗೀಗ ತೊಂಬತ್ತು ದಾಟಿದೆ.

ಮತ ಕೇಳದ ನಾಯಕನಿಗೆ ಒಳ್ಳೆಯ ಸುದ್ದಿ ಕೊಳ್ಳುವ ಗೊಡವೆ ಇಲ್ಲ. ಕೆಟ್ಟ ಸುದ್ದಿ ಬಾರದಂತೆ ನೋಡಿಕೊಂಡರೆ ಸಾಕು. ಅಬ್ಬಾಸ್ ಆಡಳಿತವನ್ನು ಫೇಸ್‌ಬುಕ್ ವಿಡಿಯೊಗಳಲ್ಲಿ ಟೀಕಿಸುತ್ತಿದ್ದ ನಿಜಾರ್ ಬನಾತ್, 2021ರ ಜೂನ್‌ನಲ್ಲಿ ಆಡಳಿತದ ಭದ್ರತಾ ಪಡೆ ಬಂಧಿಸಿದ ಕೆಲವೇ ಹೊತ್ತಿನಲ್ಲಿ ಸತ್ತರು. ಗಾಜಾದಲ್ಲೂ ಅಷ್ಟೇ. 2019ರಲ್ಲಿ ಬೆಲೆ ಏರಿಕೆ, ತೆರಿಗೆ ವಿರುದ್ಧ ‘ನಮಗೆ ಬದುಕಬೇಕು’ ಎಂದು ಬೀದಿಗೆ ಬಂದವರನ್ನೂ ಅದನ್ನು ವರದಿ ಮಾಡಲು ಹೋದವರನ್ನೂ ಹಮಾಸ್ ಪೊಲೀಸರು ಹೊಡೆದರು, ಒಳಗೆ ಹಾಕಿದರು.

ಕ್ಯಾಮೆರಾದ ಬೆಲೆ ಹಮಾಸ್‌ಗೆ ಚೆನ್ನಾಗಿ ಗೊತ್ತು. ಅಕ್ಟೋಬರ್ 7ರಂದು ದಾಳಿಕೋರರ ಮೈಮೇಲೇ ಕ್ಯಾಮೆರಾಗಳಿದ್ದವು. 2025ರ ಆರಂಭದಲ್ಲಿ ಒತ್ತೆಯಾಳುಗಳನ್ನು ಬಿಡುವಾಗ ವೇದಿಕೆ ಕಟ್ಟಿ, ಬ್ಯಾನರ್ ಹಾಕಿ, ಕೈಗೆ ಪ್ರಮಾಣಪತ್ರ ಕೊಟ್ಟು, ಜನರತ್ತ ಕೈಬೀಸಲು ಹೇಳಿದರು. ಯುದ್ಧದಲ್ಲಿ ಊರಿಗೆ ಊರೇ ನೆಲಸಮವಾಗಿತ್ತು, ನಾಯಕ ಯಾಹ್ಯಾ ಸಿನ್ವರ್ ಸತ್ತು ತಿಂಗಳುಗಳಾಗಿದ್ದವು. ಆದರೂ ಆ ಅರ್ಧ ಗಂಟೆ ‘ನಾವಿನ್ನೂ ಇದ್ದೇವೆ, ಇಲ್ಲಿ ನಮ್ಮದೇ ಆಡಳಿತ’ ಎಂದು ತೋರಿಸಬೇಕಿತ್ತು. ಆ ದೃಶ್ಯಗಳಿಗೆ ಇಸ್ರೇಲ್ ಎಷ್ಟು ಕೆರಳಿತೆಂದರೆ, ತಾನು ಬಿಡಬೇಕಿದ್ದ ಪ್ಯಾಲೆಸ್ಟೀನಿ ಕೈದಿಗಳ ಬಿಡುಗಡೆಯನ್ನೇ ಫೆಬ್ರವರಿಯಲ್ಲಿ ಕೆಲ ದಿನ ತಡೆಹಿಡಿಯಿತು.

ಇಸ್ರೇಲ್, ಅಬ್ಬಾಸ್ ಆಡಳಿತಗಳೆರಡೂ ಸುದ್ದಿಗೆ ಹೆದರುತ್ತವೆ ಎಂಬುದಕ್ಕೆ ಅಲ್ ಜಜೀರಾ ಕಥೆಗಿಂತ ಬೇರೆ ಪುರಾವೆ ಬೇಡ. 2024ರ ಮೇ 5ರಂದು ಇಸ್ರೇಲ್ ತನ್ನ ನೆಲದಲ್ಲಿ ಆ ಚಾನೆಲ್ ಮುಚ್ಚಿಸಿತು, ಸೆಪ್ಟೆಂಬರ್‌ನಲ್ಲಿ ರಾಮಲ್ಲಾದ ಕಚೇರಿಗೂ ಸೈನಿಕರು ನುಗ್ಗಿದರು. ಮೂರೇ ತಿಂಗಳಿಗೆ, 2025ರ ಹೊಸ ವರ್ಷದ ದಿನ, ಅಬ್ಬಾಸ್ ಆಡಳಿತವೂ ಅದೇ ಚಾನೆಲ್ಲನ್ನು ವೆಸ್ಟ್ ಬ್ಯಾಂಕಿನಲ್ಲಿ ನಿಲ್ಲಿಸಿತು. ಜೆನಿನ್ ನಿರಾಶ್ರಿತರ ಶಿಬಿರದಲ್ಲಿ ಅಬ್ಬಾಸರ ಪಡೆಗಳು ನಡೆಸುತ್ತಿದ್ದ ಕಾರ್ಯಾಚರಣೆಯನ್ನು ಅದು ತೋರಿಸುತ್ತಿತ್ತು, ಅದೇ ಸಿಟ್ಟು. ಈ ಚಾನೆಲ್ ನಡೆಯುವುದು ಕತಾರ್ ಸರ್ಕಾರದ ದುಡ್ಡಿನಲ್ಲಿ, ಹಮಾಸ್ ನಾಯಕರಿಗೆ ವರ್ಷಗಟ್ಟಲೆ ಆಶ್ರಯ ಕೊಟ್ಟದ್ದೂ ಕತಾರೇ. ಅದನ್ನೂ ಮರೆಯಬಾರದು. ಆದರೆ ಪರಸ್ಪರ ಶತ್ರುಗಳಾದ ಇಬ್ಬರು ಒಂದೇ ಬಾಗಿಲಿಗೆ ಬೀಗ ಹಾಕಿದರೆ, ಒಳಗೆ ಇಬ್ಬರಿಗೂ ಬೇಡವಾದದ್ದು ಏನೋ ಇತ್ತು ಅಂತಲೇ ಅರ್ಥ.

ಎಲ್ಲಕ್ಕಿಂತ ದೊಡ್ಡ ಬೀಗ ಬಿದ್ದಿರುವುದು ಗಾಜಾ ಗಡಿಗೆ. ಯುದ್ಧ ಶುರುವಾದಂದಿನಿಂದ ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಒಳಗೆ ಹೋಗಲು ಇಸ್ರೇಲ್ ಬಿಟ್ಟಿಲ್ಲ. ಸೇನೆಯ ಜೀಪಿನಲ್ಲಿ ಕೂತು, ಸೇನೆ ತೋರಿಸಿದ್ದನ್ನು ನೋಡಿ ಬರಬಹುದು, ಅಷ್ಟೇ. ಜೆರುಸಲೇಮ್‌ನ ವಿದೇಶಿ ಪತ್ರಕರ್ತರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ ಮೊದಲ ಅರ್ಜಿ ವಜಾ ಆಯಿತು. ಎರಡನೆಯದು ಹಾಕಿದರು. 2025ರ ಅಕ್ಟೋಬರ್‌ನಲ್ಲಿ ಕದನ ವಿರಾಮ ಬಂದ ಮೇಲೂ ಸರ್ಕಾರ ಮತ್ತೆ ಮತ್ತೆ ಸಮಯ ಕೇಳಿತು. ಭದ್ರತೆ ಎಂಬ ಕಾರಣ ಯುದ್ಧದ ಮೊದಲ ವಾರಗಳಿಗೆ ಒಪ್ಪಬಹುದು. ಎರಡು ವರ್ಷ ದಾಟಿದ ಮೇಲೆ ನನಗಂತೂ ಅದು ನೆಪ ಅನ್ನಿಸುತ್ತದೆ.

ಹೊರಗಿನವರಿಲ್ಲದ ಕಾರಣ ಪೂರ್ತಿ ಹೊರೆ ಅಲ್ಲಿನ ಪತ್ರಕರ್ತರ ಮೇಲೆ ಬಿತ್ತು. ಅವರದೇ ಮನೆ ಬಿದ್ದಿರುತ್ತದೆ, ಅವರದೇ ಮಕ್ಕಳು ಹಸಿದಿರುತ್ತಾರೆ, ಅವರೇ ವರದಿ ಕಳಿಸಬೇಕು. 2025ರ ಜುಲೈನಲ್ಲಿ ಎಎಫ್‌ಪಿ, ಎಪಿ, ಬಿಬಿಸಿ, ರಾಯಿಟರ್ಸ್ ಒಟ್ಟಾಗಿ ಒಂದು ಹೇಳಿಕೆ ಕೊಟ್ಟವು. ಗಾಜಾದಲ್ಲಿರುವ ತಮ್ಮ ಪತ್ರಕರ್ತರಿಗೆ ತಮ್ಮ ಮನೆಯವರ ಹೊಟ್ಟೆ ತುಂಬಿಸಲೂ ಆಗುತ್ತಿಲ್ಲ ಎಂದು. ಪತ್ರಕರ್ತರ ಸಾವಿನ ಲೆಕ್ಕ ಇಡುವ ಸಿಪಿಜೆ ಸಂಸ್ಥೆ 1992ರಿಂದ ಈ ಕೆಲಸ ಮಾಡುತ್ತಿದೆ. 2024ರಲ್ಲಿ ಜಗತ್ತಿನಾದ್ಯಂತ 124 ಪತ್ರಕರ್ತರು ಸತ್ತರು, ಅಲ್ಲಿಯವರೆಗಿನ ಅದರ ಲೆಕ್ಕದಲ್ಲೇ ಅತಿ ಕೆಟ್ಟ ವರ್ಷ ಅದು, ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಸಾವಿಗೆ ಇಸ್ರೇಲ್ ಸೇನೆ ಕಾರಣ ಎಂದಿತು ಅದು. 2025ರ ಆಗಸ್ಟ್ 10ರಂದು ಅಲ್ ಜಜೀರಾದ ಅನಸ್ ಅಲ್ ಶರೀಫ್ ಅವರನ್ನು ಆಸ್ಪತ್ರೆ ಪಕ್ಕದ ಡೇರೆಯಲ್ಲಿ ಸಹೋದ್ಯೋಗಿಗಳ ಜೊತೆ ಕೊಂದ ಇಸ್ರೇಲ್, ಆತ ಹಮಾಸ್ ತುಕಡಿಯ ಮುಖ್ಯಸ್ಥ ಎಂದಿತು. ಚಾನೆಲ್ ಅದನ್ನು ತಳ್ಳಿಹಾಕಿತು. ಹದಿನೈದು ದಿನಕ್ಕೆ ಖಾನ್ ಯೂನಿಸ್‌ನ ನಾಸೆರ್ ಆಸ್ಪತ್ರೆ ಮೇಲೆ ದಾಳಿಯಾಯಿತು. ಅಲ್ಲಿಂದ ರಾಯಿಟರ್ಸ್ ನೇರ ಪ್ರಸಾರ ನಡೆಯುತ್ತಿತ್ತು. ಪರದೆ ಥಟ್ಟನೆ ಖಾಲಿಯಾಯಿತು. ಐವರು ಪತ್ರಕರ್ತರೂ ಸೇರಿ 20ಕ್ಕೂ ಹೆಚ್ಚು ಜನ ಸತ್ತರು. ಈ ಸಲ ನೆತನ್ಯಾಹು ವಿಷಾದಿಸಿದರು, ಆಕಸ್ಮಿಕ ದುರಂತ ಎಂದರು.

ಇಂಥ ಘಟನೆಗಳಲ್ಲಿ ಮೊದಲ ಕೆಲವು ಗಂಟೆಗಳದ್ದೇ ಆಟ. 2022ರ ಮೇ 11ರಂದು ಜೆನಿನ್‌ನಲ್ಲಿ ಅಲ್ ಜಜೀರಾದ ಹಿರಿಯ ವರದಿಗಾರ್ತಿ ಶಿರೀನ್ ಅಬು ಅಕ್ಲೆ ಗುಂಡೇಟಿಗೆ ಸತ್ತಾಗ, ಪ್ಯಾಲೆಸ್ಟೀನಿ ಬಂದೂಕುಧಾರಿಗಳ ಗುಂಡೇ ಇರಬೇಕು ಎಂದರು ಆಗಿನ ಪ್ರಧಾನಿ ನಫ್ತಾಲಿ ಬೆನೆಟ್. ನಾಲ್ಕು ತಿಂಗಳ ನಂತರ ಇಸ್ರೇಲ್ ಸೇನೆಯೇ, ನಮ್ಮ ಸೈನಿಕನ ಗುಂಡು ಆಕಸ್ಮಿಕವಾಗಿ ತಾಗಿರುವ ಸಾಧ್ಯತೆ ಹೆಚ್ಚು ಎಂದಿತು. 2023ರ ಅಕ್ಟೋಬರ್ 17ರಂದು ಗಾಜಾದ ಅಲ್ ಅಹ್ಲಿ ಆಸ್ಪತ್ರೆ ಆವರಣದಲ್ಲಿ ಸ್ಫೋಟವಾದಾಗ ಆದದ್ದು ಇದಕ್ಕೆ ಉಲ್ಟಾ. ಇಸ್ರೇಲ್ ದಾಳಿ, ನೂರಾರು ಸಾವು ಎಂಬ ಹಮಾಸ್ ಆಡಳಿತದ ಮಾತು ಜಗತ್ತಿನ ಮುಖಪುಟಗಳಿಗೆ ಏರಿತು. ಅದು ಪ್ಯಾಲೆಸ್ಟೀನಿ ಗುಂಪೊಂದರ ಗುರಿತಪ್ಪಿದ ರಾಕೆಟ್ ಎಂದು ಇಸ್ರೇಲ್ ಹೇಳಿತು, ಅಮೆರಿಕದ ಗುಪ್ತಚರರೂ ಅದನ್ನೇ ನಂಬಿದರು. ವಾರದೊಳಗೆ ನ್ಯೂಯಾರ್ಕ್ ಟೈಮ್ಸ್, ಹಮಾಸ್ ಹೇಳಿಕೆಯ ಮೇಲೆ ಜಾಸ್ತಿ ಆತುಕೊಂಡೆವು ಎಂದು ಸಂಪಾದಕರ ಟಿಪ್ಪಣಿ ಹಾಕಿತು. ತಿದ್ದುಪಡಿ ಬರುವ ಹೊತ್ತಿಗೆ ಎಷ್ಟೋ ರಾಜಧಾನಿಗಳಲ್ಲಿ ಜನ ಬೀದಿಗೆ ಬಂದಾಗಿತ್ತು, ಅಮೆರಿಕ ಅಧ್ಯಕ್ಷರ ಜೊತೆ ಅರಬ್ ನಾಯಕರು ನಡೆಸಬೇಕಿದ್ದ ಸಭೆ ರದ್ದಾಗಿತ್ತು.

ಇದೆಲ್ಲ ಕನ್ನಡಕ್ಕೆ ಹೇಗೆ ಬರುತ್ತದೆ? ಹೆಚ್ಚಾಗಿ ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಯಿಂದ. ರಾತ್ರಿ ಪಾಳಿಯ ಉಪಸಂಪಾದಕರು ಅರ್ಧ ಗಂಟೆಯಲ್ಲಿ ಅನುವಾದಿಸಿ ಪುಟಕ್ಕೆ ಏರಿಸಬೇಕು. ಮೂಲದಲ್ಲಿ ‘ಸೇನೆ ಹೇಳಿದೆ’, ‘ಸಚಿವಾಲಯ ಹೇಳಿದೆ’ ಎಂದಿರುತ್ತದೆ. ಟೀವಿಯ ಕೆಳಗೆ ಓಡುವ ಸಾಲಿಗೆ ಬರುವಷ್ಟರಲ್ಲಿ ಹೇಳಿದವರು ಕಳಚಿ, ಹೇಳಿದ್ದು ಮಾತ್ರ ಉಳಿದಿರುತ್ತದೆ. ತಮಾಷೆ ಎಂದರೆ ಇದಕ್ಕೆ ನಮ್ಮ ಭಾಷೆಯಲ್ಲೇ ಎರಡಕ್ಷರದ ಮದ್ದಿದೆ. ‘ಆಸ್ಪತ್ರೆಯಡಿ ಸುರಂಗ ಇತ್ತು’ ಬೇರೆ, ‘ಸುರಂಗ ಇತ್ತಂತೆ’ ಬೇರೆ. ನಾನು ಕಂಡಿಲ್ಲ, ಯಾರೋ ಹೇಳಿದ್ದು ಎಂಬುದನ್ನು ‘ಅಂತೆ’ ಎಷ್ಟು ಸಲೀಸಾಗಿ ಹೇಳಿಬಿಡುತ್ತದೆ! ಹರಟೆಯಲ್ಲಿ ಎಲ್ಲರೂ ಅದನ್ನು ಸರಿಯಾಗಿಯೇ ಬಳಸುತ್ತೇವೆ. ತಲೆಬರಹಕ್ಕೆ ಮಾತ್ರ ಅದು ಗೌರವದ ಪದವಲ್ಲ.

ಇನ್ನೊಂದು ‘ಬಲಿ’. ‘ದಾಳಿಗೆ 40 ಬಲಿ’ ಎಂದು ಬರೆಯುತ್ತೇವೆ. ‘ಡೆಂಗಿಗೆ ಇಬ್ಬರು ಬಲಿ’, ‘ರಸ್ತೆ ಗುಂಡಿಗೆ ಸವಾರ ಬಲಿ’ ಎಂದೂ ಬರೆಯುತ್ತೇವೆ. ಸೊಳ್ಳೆಗೂ ಕ್ಷಿಪಣಿಗೂ ಒಂದೇ ವ್ಯಾಕರಣ. ಕೊಂದವರು, ಆದೇಶ ಕೊಟ್ಟವರು ವಾಕ್ಯದೊಳಗೇ ಬರುವುದಿಲ್ಲ. ಹಮಾಸ್‌ನವರು ಒಂದು ಪತ್ರಿಕೆಯಲ್ಲಿ ‘ಬಂಡುಕೋರರು’, ಇನ್ನೊಂದರಲ್ಲಿ ‘ಉಗ್ರರು’. ಯಾವ ಮನೆಗೆ ಯಾವ ಪತ್ರಿಕೆ ಬರುತ್ತದೆ ಎಂಬುದರ ಮೇಲೆ ಆ ಮನೆಯ ಅಭಿಪ್ರಾಯ ನಿಂತಿರುತ್ತದೆ. 2023ರ ಅಕ್ಟೋಬರ್‌ನಲ್ಲಿ ಭಾರತದ ಹಲವು ಚಾನೆಲ್‌ಗಳ ವರದಿಗಾರರು ಇಸ್ರೇಲಿಗೆ ಹೋಗಿ ನೇರ ಪ್ರಸಾರ ಮಾಡಿದರು. ಗಾಜಾಗೆ ಹೋಗಲು ದಾರಿ ಇರಲಿಲ್ಲ. ಹೀಗಾಗಿ ನಾವು ನೋಡಿದ ಯುದ್ಧಕ್ಕೆ ಒಂದೇ ಬದಿಯ ಕಿಟಕಿ ಇತ್ತು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ಮಾತ್ರ ಸ್ವಂತ ವರದಿಗಾರರಿದ್ದರು. ಕರಾವಳಿಯ ಸಾವಿರಾರು ಜನ ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಸೈರನ್ ಕೂಗಿದಾಗ ನಡೆಯಲಾಗದ ಅಜ್ಜಿಯನ್ನು ಎತ್ತಿಕೊಂಡು ಸುರಕ್ಷಿತ ಕೋಣೆಗೆ ಓಡುವುದು ಅವರ ಕೆಲಸದ ಭಾಗ. ಆ ಮನೆಗಳಿಗೆ ಟೀವಿಗಿಂತ ಮೊದಲು ವಾಟ್ಸ್ಆ್ಯಪ್ ದನಿ ಬರುತ್ತಿತ್ತು. ಅದೂ ಒಂದೇ ಬದಿಯ ಕಿಟಕಿ, ನಿಜ. ಆದರೆ ಅದರಲ್ಲಿ ತಾನು ಕಂಡದ್ದಕ್ಕಿಂತ ಜಾಸ್ತಿ ಹೇಳುವ ಉಮೇದು ಇರುವುದಿಲ್ಲ.

ಮತ್ತೆ ನಾಯಕತ್ವಕ್ಕೆ ಬರುತ್ತೇನೆ. ನಾಳೆ ಚುನಾವಣೆ ಆದರೆ ಪ್ಯಾಲೆಸ್ಟೀನಿಯರು ಯಾರನ್ನು ಆರಿಸುತ್ತಾರೆ ಎಂದು ಕೇಳಿದ ಸಮೀಕ್ಷೆಗಳಲ್ಲಿ ವರ್ಷಗಳಿಂದ ಮುಂದಿರುವ ಹೆಸರು ಅಬ್ಬಾಸ್ ಅಲ್ಲ, ಹಮಾಸ್‌ನವರೂ ಅಲ್ಲ. ಮರ್ವಾನ್ ಬರ್ಗೂಥಿ. ಅಬ್ಬಾಸರದೇ ಫತಾ ಪಕ್ಷದವರು. 2002ರಿಂದ ಇಸ್ರೇಲ್ ಜೈಲಿನಲ್ಲಿದ್ದಾರೆ. ಕೊಲೆ ಪ್ರಕರಣಗಳಲ್ಲಿ ಐದು ಜೀವಾವಧಿ ಶಿಕ್ಷೆ. ಒಂದು ಕಡೆ ಕೊಲೆಗಡುಕ, ಇನ್ನೊಂದು ಕಡೆ ಎಲ್ಲ ಬಣಗಳನ್ನೂ ಕೂಡಿಸಬಲ್ಲ ಒಬ್ಬನೇ ಮನುಷ್ಯ. ಗೋಡೆಗಳ ಮೇಲೆ ಬರೆದಿರುವ ಅವರ ಚಿತ್ರದಲ್ಲಿ ಇನ್ನೂ ನಡುವಯಸ್ಸಿನ ಮುಖ, ಬೇಡಿ ಹಾಕಿದ ಕೈ ಮೇಲೆತ್ತಿದ ಭಂಗಿ. ಈಗ ಹೇಗಿದ್ದಾರೆ ಎಂದು ವರ್ಷಗಳಿಂದ ಹೊರಗಿನವರು ಕಂಡಿರಲಿಲ್ಲ.

2025ರ ಆಗಸ್ಟ್‌ನಲ್ಲಿ ಕಂಡರು. ತೋರಿಸಿದ್ದು ಯಾವ ಪತ್ರಕರ್ತರೂ ಅಲ್ಲ. ಇಸ್ರೇಲಿನ ಭದ್ರತಾ ಸಚಿವ ಇತಮಾರ್ ಬೆನ್ ಗ್ವಿರ್ ಜೈಲಿಗೆ ಹೋಗಿ, ಅವರ ಎದುರು ನಿಂತು, ನೀವು ಗೆಲ್ಲುವುದಿಲ್ಲ ಎಂದು ಬೆದರಿಸುವ ಕೆಲವೇ ಸೆಕೆಂಡುಗಳ ವಿಡಿಯೊ ಅದು. ಸೊರಗಿದ ಮುಖ. ಗುರುತು ಸಿಗುವುದೇ ಕಷ್ಟ. ಬೆನ್ ಗ್ವಿರ್ ಬೆಂಬಲಿಗರು ಖುಷಿಯಿಂದ ಹಂಚಿದರು, ರಾಮಲ್ಲಾದಲ್ಲಿ ಜನ ಸಂಕಟದಿಂದ ಹಂಚಿದರು. ನಡುವೆ ಬರ್ಗೂಥಿ ಏನೋ ಹೇಳಲು ಬಾಯಿ ತೆರೆಯುತ್ತಾರೆ. ಸಚಿವರು ಅಡ್ಡ ಮಾತಾಡುತ್ತಾರೆ. ಅವರು ಏನು ಹೇಳಹೊರಟಿದ್ದರು ಎಂಬುದು ಆ ವಿಡಿಯೊದಲ್ಲಿ ಇಲ್ಲ.